ಭಾವನ ಗಾಳಿ ಬೋಟಿಗೆ ಸರಿಯಾದ ಗಮ್ ಹುಡುಕಿದ್ದು

ಜುಲೈನಲ್ಲಿ ನಾನೇ ಹಾಕಿದ್ದ ತೇಪೆ ಆಗಸ್ಟ್ ಕೊನೆಯ ವಾರ ಕೆರೆಯ ನಡುವೆ ಬಿಟ್ಟುಕೊಂಡಿತು. ಬೋಟಿನಲ್ಲಿ ಭಾವ ಇದ್ದರು, ಜೊತೆಗೆ ಹನ್ನೆರಡು ವರ್ಷದ ಅವರ ಮಗ ಇದ್ದ. ಎಡಗಡೆಯ ಟ್ಯೂಬು ಮೆಲ್ಲಗೆ ಮೆತ್ತಗಾಗುತ್ತ ಹೋಗಿ, ಮೀನಿಗೆ ಹಾಕಲು ಒಯ್ದಿದ್ದ ಶೇಂಗಾ ಹಿಂಡಿಯ ಚೀಲ ಅತ್ತ ಕಡೆ ಜಾರಿದಾಗಲೇ ಅವರಿಗೆ ಗೊತ್ತಾದದ್ದು. ಬೋಟಿನಲ್ಲಿ ಮೂರು ಬೇರೆ ಬೇರೆ ಗಾಳಿ ಅರೆಗಳಿವೆ. ಉಳಿದೆರಡು ಹಿಡಿದುಕೊಂಡಿದ್ದರಿಂದ ಹುಟ್ಟು ಹಾಕಿಕೊಂಡು ದಡ ಸೇರಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ರಾತ್ರಿ ಅಕ್ಕ ಫೋನ್ ಮಾಡಿ, "ನೀನು ಸರಿ ಮಾಡೀನಿ ಅಂದಿದ್ದಕ್ಕೇ ಹುಡುಗನ್ನ ಕಳಿಸಿದ್ದು ಕಣೋ" ಅಂದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಲ್ಲಿಂದ ಡಿಸೆಂಬರ್‌ವರೆಗೆ ಈ ಒಂದು ತೇಪೆಯ ಬೆನ್ನು ಹತ್ತಿದೆ. ಯಾವ ಗಮ್ ಹಿಡಿಯಿತು, ಯಾವುದು ಕೈಕೊಟ್ಟಿತು, ಯಾಕೆ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೆರೆ ಗುತ್ತಿಗೆ ಹಿಡಿದವರು, ಹಳೆಯ ಬೋಟು ಕೊಂಡವರು ನಮ್ಮ ಕಡೆ ಈಗ ಅಲ್ಲಲ್ಲಿ ಇದ್ದಾರೆ, ಅವರಿಗೆ ಉಪಯೋಗವಾಗಲಿ ಅಂತ.

ನನ್ನದು ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಮೋಟಾರು, ಸಬ್‌ಮರ್ಸಿಬಲ್ಲು, ಮಿಕ್ಸಿ, ಇವೇ ನನ್ನ ಕೆಲಸ. ಬೋಟಿನ ಕೆಲಸ ಗೊತ್ತಿರಲಿಲ್ಲ. ಭಾವ ಚನ್ನಗಿರಿ ತಾಲ್ಲೂಕಿನ ತಮ್ಮೂರ ಕೆರೆಯಲ್ಲಿ ಮೀನು ಗುತ್ತಿಗೆ ಹಿಡಿದು ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ದಾರೆ. ಬಲೆ ಬಿಡಲು, ತೌಡು ಹಿಂಡಿ ಹಾಕಲು ಒಂದು ರೆಸಾರ್ಟಿನವರು ಮಾರಿದ ಹಳೆಯ ಗಾಳಿ ಬೋಟು ತಂದುಕೊಂಡರು. ಸುಮಾರು ಮೂರು ಮೀಟರ್ ಉದ್ದ, ಟ್ಯೂಬಿನ ದಪ್ಪ ಅಡ್ಡಕ್ಕೆ 40 ಸೆಂಟಿಮೀಟರ್, ಬೂದು ಬಣ್ಣ.

ನಮ್ಮ ಸೀಮೆಯ ಕೆರೆಗಳಿಗೂ ಗಾಳಿ ಬೋಟಿಗೂ ಆಗಿಬರದಿರುವುದಕ್ಕೆ ಒಂದು ದೊಡ್ಡ ಕಾರಣ ಬಳ್ಳಾರಿ ಜಾಲಿ. ಮಳೆ ಕಮ್ಮಿಯಾದ ವರ್ಷಗಳಲ್ಲಿ ಕೆರೆಯ ಅಂಗಳದ ತುಂಬ ಬೆಳೆಯುತ್ತದೆ. ಸೌದೆಗೆ ಅಂತ ಕಡಿದು ಒಯ್ಯುತ್ತಾರೆ, ಕೂಳೆ ನಿಂತಿರುತ್ತದೆ. ಆಮೇಲೆ ನೀರು ಬಂದರೆ ಆ ಕೂಳೆ ಒಂದು ಗೇಣು ನೀರಿನ ಕೆಳಗೆ ಚಾಕುವಿನ ಹಾಗೆ ಕಾದಿರುತ್ತದೆ. ಎಡ ಟ್ಯೂಬಿನ ಹೊಟ್ಟೆಯ ಕಡೆ, ಟ್ಯೂಬಿನ ಉದ್ದಕ್ಕೇ 4 ಸೆಂಟಿಮೀಟರ್ ಸೀಳಿತ್ತು. ಮುಳ್ಳಿನ ತೂತಾಗಿದ್ದರೆ ಮಾತು ಬೇರೆ. ಸೀಳು ಅಂದರೆ ಎರಡು ಅಂಚುಗಳನ್ನು ಗಾಳಿ ಎರಡು ಕಡೆಗೆ ಎಳೆಯುತ್ತಲೇ ಇರುತ್ತದೆ.

ಜುಲೈನಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಚಪ್ಪಲಿ ಸಾಮಾನಿನ ಅಂಗಡಿಯಿಂದ ಹಳದಿ ಗಮ್ ತಂದೆ. ಚರ್ಮ, ರಬ್ಬರು, ಸನ್ಮೈಕಾ, ಯಾವುದಕ್ಕಾದರೂ ಹಿಡಿಯುತ್ತದೆ ಅನ್ನುವ ನಂಬಿಕೆ ನನ್ನದೂ ಆಗಿತ್ತು. ಒರೆಸಿ, ಎರಡೂ ಕಡೆ ಬಳಿದು, ಕಾಲು ಗಂಟೆ ಬಿಟ್ಟು, ಒತ್ತಿ, ಮೇಲೆ ಮೋಟಾರ್ ಬಾಡಿ ಇಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಉಗುರು ಹಾಕಿ ಎಬ್ಬಿಸಿದರೂ ಏಳಲಿಲ್ಲ. ಭಾವನಿಗೆ ಫೋನ್ ಮಾಡಿ "ಆಯ್ತು ತಗೊಂಡು ಹೋಗ್ರಿ" ಅಂದೆ. ಐದು ವಾರ ಹಿಡಿದಿತ್ತು.

ಬಿಟ್ಟುಕೊಂಡ ತೇಪೆಯನ್ನು ಅಂಗಡಿಯ ಬೆಂಚಿನ ಮೇಲೆ ಹಾಕಿ ಟ್ಯೂಬ್‌ಲೈಟ್ ಕೆಳಗೆ ನೋಡಿದೆ. ಗಮ್ ಒಣಗಿ ಉದುರಿರಲಿಲ್ಲ. ಬೆರಳಿಟ್ಟರೆ ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಬರುತ್ತಿತ್ತು. ಹಾಕಿದ ಮಾರನೆಯ ದಿನ ಗಟ್ಟಿ ರಬ್ಬರಿನ ಹಾಗಿದ್ದದ್ದು ಐದು ವಾರಕ್ಕೆ ಪಾಕವಾಗಿತ್ತು. ತೇಪೆಯ ಅಂಚಿನಲ್ಲಿ ಇನ್ನೊಂದು ಗುರುತು ಕಂಡಿತು: ಮೊದಲು ಪೆನ್ನಿನಲ್ಲಿ ಎಳೆದಿದ್ದ ಗೆರೆಯಿಂದ ತೇಪೆ ಹೆಚ್ಚುಕಮ್ಮಿ 8 ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ಅಂದರೆ ಒಮ್ಮೆಲೇ ಕಿತ್ತದ್ದಲ್ಲ, ದಿನ ದಿನ ಸ್ವಲ್ಪ ಸ್ವಲ್ಪ ಜಾರುತ್ತ ಬಂದು ಒಂದು ದಿನ ಸೀಳು ಬಾಯಿ ಬಿಟ್ಟಿದೆ.

ಅದನ್ನೇ ಕವರಿನಲ್ಲಿ ಹಾಕಿಕೊಂಡು, ನಮ್ಮ ಬೀದಿಯ ತುದಿಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ಹೋದೆ. ನಲವತ್ತು ವರ್ಷದಿಂದ ಅದೇ ಜಾಗದಲ್ಲಿ ಕೂತವರು. ಮೂಸಿ ನೋಡಿದರು, ತೇಪೆಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿದರು.

"ಇದು ಪ್ಲಾಸ್ಟಿಕ್ಕು. ಇದಕ್ಕೆ ಹಳದಿ ಗಮ್ ಯಾರು ಹಾಕ್ತಾರಪ್ಪಾ? ಚರ್ಮದ ಸೋಲಿಗೆ ಅದು. ಪಿವಿಸಿ ಸೋಲಿಗೆ ಪಿಯು ಹಾಕ್ಬೇಕು, ಬಿಳೀದು ಬರ್ತೈತೆ. ಹಳದೀದು ಹಾಕಿದ್ರೆ ಎರಡು ತಿಂಗಳಿಗೆ ಎಣ್ಣೆ ಬಿಟ್ಟು ನೀರಾಗ್ತೈತೆ."

ಎಣ್ಣೆ ಅನ್ನುವ ಆ ಒಂದು ಮಾತಿನಲ್ಲಿ ಪೂರ್ತಿ ರಸಾಯನಶಾಸ್ತ್ರ ಇತ್ತು. ಪಿವಿಸಿ ತನ್ನಷ್ಟಕ್ಕೆ ಗಟ್ಟಿ ವಸ್ತು, ನಲ್ಲಿ ಪೈಪಿನ ಹಾಗೆ. ಅದನ್ನು ಬಟ್ಟೆಯ ಹಾಗೆ ಮಡಚುವಂತೆ ಮಾಡಲು ಎಣ್ಣೆಯಂಥ ಒಂದು ದ್ರವ ಬೆರೆಸುತ್ತಾರೆ, ಅದಕ್ಕೆ ಪ್ಲಾಸ್ಟಿಸೈಸರ್ ಅನ್ನುತ್ತಾರೆ. ಅದು ಪಿವಿಸಿಯೊಳಗೆ ಕಟ್ಟಿಹಾಕಿದ ಹಾಗೆ ಇರುವುದಿಲ್ಲ, ಪಕ್ಕದಲ್ಲಿ ಹೀರಿಕೊಳ್ಳುವ ವಸ್ತು ಸಿಕ್ಕರೆ ಮೆಲ್ಲಗೆ ಅತ್ತ ಹೋಗುತ್ತದೆ. ಇದನ್ನು ನಮ್ಮ ವೈರಿಂಗ್ ಕೆಲಸದಲ್ಲಿ ನಾನೇ ಎಷ್ಟೋ ಸಲ ಕಂಡಿದ್ದೇನೆ: ಪಿವಿಸಿ ವೈರು ಥರ್ಮಾಕೋಲ್‌ಗೆ ತಾಗಿಕೊಂಡು ವರ್ಷಗಟ್ಟಲೆ ಬಿದ್ದಿದ್ದರೆ ಥರ್ಮಾಕೋಲ್ ಕರಗಿ ವೈರಿನ ಗಾತ್ರದ ಕಾಲುವೆಯೇ ಆಗಿರುತ್ತದೆ, ವೈರಿನ ಮೈ ಅಂಟಂಟಾಗಿರುತ್ತದೆ. ಅದೇ ಎಣ್ಣೆ ಬೋಟಿನಲ್ಲಿ ಹಳದಿ ಗಮ್ಮಿನೊಳಗೆ ಹೋಗಿದೆ. ಹಳದಿ ಗಮ್ ಅಂದರೆ ನಿಯೋಪ್ರೀನ್ ರಬ್ಬರನ್ನು ದ್ರಾವಕದಲ್ಲಿ ಕರಗಿಸಿದ್ದು. ಆ ರಬ್ಬರು ಎಣ್ಣೆ ಕುಡಿದು ಮೆತ್ತಗಾಯಿತು. ಗಮ್ಮಿನಲ್ಲಿ ದೋಷವಿರಲಿಲ್ಲ, ನಾನು ಅದನ್ನು ಹಾಕಿದ ಜಾಗ ತಪ್ಪಾಗಿತ್ತು.

ಹಾಗಾದರೆ ಮೊದಲು ತಿಳಿಯಬೇಕಾದದ್ದು ಬಟ್ಟೆ. ಗಾಳಿ ಬೋಟುಗಳಲ್ಲಿ ಹೆಚ್ಚಾಗಿ ಬರುವುದು ಎರಡು ಜಾತಿ. ಒಂದು ಪಿವಿಸಿ ಲೇಪದ ಪಾಲಿಯೆಸ್ಟರ್ ಬಟ್ಟೆ. ಇನ್ನೊಂದು ಹೈಪಲಾನ್ ಎಂಬ ಕೃತಕ ರಬ್ಬರಿನ ಲೇಪದ್ದು. ಹೈಪಲಾನ್ ಡ್ಯುಪಾಂಟ್ ಕಂಪನಿಯ ಹೆಸರು. ಅವರು 2010ರಲ್ಲೇ ಅದನ್ನು ಮಾಡುವುದು ನಿಲ್ಲಿಸಿದರು. ಅದೇ ಜಾತಿಯ ರಬ್ಬರನ್ನು ಬೇರೆಯವರು ಮಾಡುತ್ತಾರೆ, ಹೆಸರು ಮಾತ್ರ ಎಲ್ಲರ ಬಾಯಲ್ಲಿ ಹಾಗೇ ಉಳಿದಿದೆ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ. ಆದರೆ ಪಿವಿಸಿಗೆ ಪಾಲಿಯುರೆಥೇನ್ ಗಮ್, ಅಂದರೆ ಆ ಹಿರಿಯರು ಹೇಳಿದ ಪಿಯು ಬೇಕು, ಹೈಪಲಾನ್‌ಗೆ ಹಾರ್ಡ್‌ನರ್ ಎಂಬ ಗಟ್ಟಿ ಮಾಡುವ ದ್ರವ ಬೆರೆಸುವ ನಿಯೋಪ್ರೀನ್ ಗಮ್ ಬೇಕು. ಅದಲುಬದಲು ಮಾಡಿದರೆ ಕೆಡುತ್ತದೆ.

ಗುರುತು ಹಿಡಿಯುವುದಕ್ಕೆ ನಾನು ಮೊದಲು ಕೈ ಹಾಕಿದ್ದು ನನ್ನ ಅಂಗಡಿಯಲ್ಲಿ ಸದಾ ಇರುವ ತಾಮ್ರದ ತಂತಿಗೆ. ತಂತಿಯನ್ನು ಕೆಂಪಗೆ ಕಾಯಿಸಿ ಪಿವಿಸಿಗೆ ತಾಗಿಸಿ ಮತ್ತೆ ಉರಿಗೆ ಹಿಡಿದರೆ ಉರಿ ಹಸಿರಾಗುತ್ತದೆ, ಅದು ಕ್ಲೋರಿನ್ನಿನ ಗುರುತು. ಹಸಿರು ಬಂತು, ಪಿವಿಸಿ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಆಮೇಲೆ ಬೋಟಿನ ಕೆಲಸ ಬಲ್ಲ ಪರಿಚಯದವರೊಬ್ಬರು ಒಂದು ಹೈಪಲಾನ್ ತುಂಡು ಕೊಟ್ಟರು. ಅದನ್ನೂ ಹಿಡಿದೆ, ಅದಕ್ಕೂ ಹಸಿರೇ ಬಂತು. ಹೈಪಲಾನ್‌ನಲ್ಲೂ ನಿಯೋಪ್ರೀನ್‌ನಲ್ಲೂ ಕ್ಲೋರಿನ್ ಇದೆಯಲ್ಲ! ಈ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಹೊಗೆಯೂ ಕೆಟ್ಟದ್ದು, ಯಾರೂ ಮಾಡಬೇಡಿ.

ಕೆಲಸಕ್ಕೆ ಬಂದದ್ದು ಎಮರಿ ಪೇಪರು ಮತ್ತು ಒಂದು ಹನಿ ಎಂಇಕೆ. ಎಂಇಕೆ ಅಂದರೆ ಮೀಥೈಲ್ ಈಥೈಲ್ ಕೀಟೋನ್, ಪೇಂಟ್ ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಹೈಪಲಾನ್ ತುಂಡನ್ನು ಎಮರಿಯಲ್ಲಿ ಉಜ್ಜಿದರೆ ಸೀಮೆಸುಣ್ಣದ ಹಾಗೆ ಪುಡಿ ಬಂತು. ಬೋಟಿನ ಬಟ್ಟೆಯನ್ನು ಉಜ್ಜಿದರೆ ಪುಡಿಯಿಲ್ಲ, ಮೈ ನುಣ್ಣಗಾಗಿ ಎಮರಿಯ ಹಲ್ಲೇ ತುಂಬಿಕೊಂಡಿತು. ಹತ್ತಿಗೆ ಎಂಇಕೆ ಹಚ್ಚಿ ಹತ್ತು ಎಣಿಸುವಷ್ಟು ಹೊತ್ತು ಒತ್ತಿದರೆ ಹೈಪಲಾನ್ ಏನೂ ಅನ್ನಲಿಲ್ಲ. ಬೋಟಿನ ಬಟ್ಟೆ ಮಾತ್ರ ಅಂಟಂಟಾಗಿ ಹತ್ತಿಯ ನೂಲನ್ನು ಹಿಡಿದುಕೊಂಡಿತು. ಪಿವಿಸಿ ಅನ್ನುವುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ.

ತೇಪೆಗೆ ಬಟ್ಟೆ ಬೇಕಲ್ಲ. ಎಪಿಎಂಸಿ ಕಡೆ ಮೆಕ್ಕೆಜೋಳ ಹರಡುವವರಿಗೆ, ಮುಚ್ಚುವವರಿಗೆ ಟಾರ್ಪಾಲಿನ್ ಮಾರುವ ಅಂಗಡಿಗಳಿವೆ. ಅಲ್ಲಿ ಕಣ್ಣಿಗೆ ಬೀಳುವುದು ನೀಲಿ, ಕಪ್ಪು ಟಾರ್ಪಾಲು. ಅದು ಪಾಲಿಎಥಿಲೀನ್. ಅದಕ್ಕೆ ಜಗತ್ತಿನ ಯಾವ ಸಾಮಾನ್ಯ ಗಮ್ಮೂ ಹಿಡಿಯುವುದಿಲ್ಲ, ಹಾಲಿನ ಪ್ಯಾಕೆಟ್ಟಿಗೆ ಗಮ್ ಹಚ್ಚಿ ನೋಡಿದವರಿಗೆ ಇದು ಗೊತ್ತು. ಬೇಕಾದದ್ದು ಲಾರಿಗೆ ಹೊದಿಸುವ ದಪ್ಪ ಪಿವಿಸಿ ಹೊದಿಕೆ. ಅಂಗಡಿಯವರು "ಎರಡೂ ಒಂದೇ ಸಾರ್" ಅಂದರೂ ನಂಬಬಾರದು. ಉಗುರಿನಷ್ಟು ತುಂಡು ಕೇಳಿ ಪಡೆದು ನೀರಿನ ಲೋಟದಲ್ಲಿ ಹಾಕಿ, ಗುಳ್ಳೆ ಬಿಡುವ ಹಾಗೆ ಬೆರಳಲ್ಲಿ ಅದುಮಿ ಬಿಡಿ. ಪಾಲಿಎಥಿಲೀನ್ ನೀರಿಗಿಂತ ಹಗುರ, ತೇಲಿ ಮೇಲೆ ಬರುತ್ತದೆ. ಪಿವಿಸಿ ತಳ ಸೇರುತ್ತದೆ. ನಾನು ಮಾಡಿದ್ದೂ ಅಷ್ಟೇ. ತಳ ಸೇರಿದ ಬಟ್ಟೆಯಲ್ಲಿ ಅರ್ಧ ಮೀಟರ್ ತಂದೆ.

ಇನ್ನು ಲೆಕ್ಕ. ಗಮ್ ಎಷ್ಟು ಭಾರ ಹೊರಬೇಕು ಅನ್ನುವುದನ್ನು ತಿಳಿಯದೆ ಗಮ್ ಆರಿಸುವುದು, ಲೋಡು ಗೊತ್ತಿಲ್ಲದೆ ವೈರು ಆರಿಸಿದ ಹಾಗೆ. ಈ ಬೋಟಿಗೆ ಗಾಳಿ 0.2 ಬಾರ್ ತುಂಬುತ್ತೇವೆ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 0.2 ಕಿಲೋ ಒತ್ತಡ. ಬೈಕ್ ಟಯರಿಗೆ ಹೋಲಿಸಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಟ್ಯೂಬು ದಪ್ಪ. ದುಂಡನೆಯ ಟ್ಯೂಬಿನ ಬಟ್ಟೆಯಲ್ಲಿ ಸುತ್ತಳತೆಯ ಕಡೆಗೆ ಬರುವ ಎಳೆತ, ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದಷ್ಟು: 0.2ನ್ನು 20ರಿಂದ ಗುಣಿಸಿದರೆ ಪ್ರತಿ ಸೆಂಟಿಮೀಟರ್ ಅಗಲದ ಬಟ್ಟೆಗೆ 4 ಕಿಲೋ. ನಮ್ಮ ಸೀಳು ಟ್ಯೂಬಿನ ಉದ್ದಕ್ಕೆ ಇರುವುದರಿಂದ ಆ ಪೂರ್ತಿ ಎಳೆತ ಸೀಳನ್ನು ಅಗಲಿಸಲು ನೋಡುತ್ತದೆ. ಅಡ್ಡ ಸೀಳಾಗಿದ್ದರೆ ಅರ್ಧ ಮಾತ್ರ ಇರುತ್ತಿತ್ತು. 4 ಸೆಂಟಿಮೀಟರ್ ಸೀಳಿಗೆ 16 ಕಿಲೋ, ಹಗಲೂ ರಾತ್ರಿ. ತೇಪೆ ಸೀಳಿನ ಆಚೀಚೆ 5 ಸೆಂಟಿಮೀಟರ್ ಹಿಡಿದಿದ್ದರೆ ಒಂದು ಚದರ ಸೆಂಟಿಮೀಟರ್ ಗಮ್ಮಿನ ಪಾಲಿಗೆ 0.8 ಕಿಲೋ ಬೀಳುತ್ತದೆ. ಯಾವ ಗಮ್ಮಾದರೂ ಒಂದು ನಿಮಿಷ ಅಷ್ಟು ತಡೆಯುತ್ತದೆ. ಬಿಸಿಲಲ್ಲಿ, ತಿಂಗಳುಗಟ್ಟಲೆ, ಜಾರದೆ ತಡೆಯಬೇಕು, ಅಲ್ಲಿದೆ ಕಷ್ಟ. ಉಗುರು ಹಾಕಿ ಎಬ್ಬಿಸಿ ನೋಡಿದ ನನ್ನ ಜುಲೈ ಪರೀಕ್ಷೆಗೆ ಅರ್ಥವೇ ಇರಲಿಲ್ಲ.

ತುಂಗಭದ್ರೆಯ ದಡದಲ್ಲಿ ಹರಿಗೋಲಿಗೆ ಡಾಂಬರು ಬಳಿಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅಲ್ಲಿ ನೀರು ಹೊರಗಿನಿಂದ ಒಳಗೆ ಒತ್ತುತ್ತದೆ, ಡಾಂಬರನ್ನು ಬುಟ್ಟಿಗೇ ಅಂಟಿಸುತ್ತದೆ. ಬಿದಿರು ಭಾರ ಹೊರುತ್ತದೆ, ಡಾಂಬರು ತೂತು ಮುಚ್ಚಿದರೆ ಸಾಕು. ಗಾಳಿ ಬೋಟಿನಲ್ಲಿ ಬಟ್ಟೆಯೇ ಬಿದಿರು. ತೇಪೆ ತೂತನ್ನೂ ಮುಚ್ಚಬೇಕು, ಭಾರವನ್ನೂ ಹೊರಬೇಕು.

ಲೆಕ್ಕ ಸಿಕ್ಕ ಮೇಲೆ ಪರೀಕ್ಷೆಯ ದಾರಿಯೂ ಸಿಕ್ಕಿತು. ಪಿವಿಸಿ ಬಟ್ಟೆಯನ್ನು ಎರಡೂವರೆ ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿದೆ. ಎರಡು ಪಟ್ಟಿಗಳ ತುದಿಗಳನ್ನು 2 ಸೆಂಟಿಮೀಟರ್ ಒಂದರ ಮೇಲೊಂದು ಇಟ್ಟು ಅಂಟಿಸಿದರೆ 5 ಚದರ ಸೆಂಟಿಮೀಟರ್ ಆಯಿತು. 0.8ರಂತೆ ಸರಿಯಾಗಿ 4 ಕಿಲೋ. ಎರಡು ಲೀಟರಿನ ನೀರಿನ ಬಾಟಲಿ ಎರಡು ಕಟ್ಟಿದರೆ ಬೋಟಿನ ತೇಪೆಯ ಗಮ್ಮಿಗೆ ಬೀಳುವಷ್ಟೇ ಭಾರ ಪಟ್ಟಿಯ ಗಮ್ಮಿಗೂ ಬೀಳುತ್ತದೆ. ಮನೆಯ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಕಬ್ಬಿಣದ ಪೈಪಿಗೆ ಸಾಲಾಗಿ ನೇತುಹಾಕಿದೆ. ಪ್ರತಿ ಜೋಡಣೆಯ ಮೇಲೂ ಪೆನ್ನಿನಲ್ಲಿ ಒಂದು ಅಡ್ಡಗೆರೆ, ಜಾರಿದರೆ ಗೊತ್ತಾಗಲಿ ಅಂತ. ಒಂದು ವಾರ ನಮ್ಮ ಮನೆಯ ಬಟ್ಟೆಗಳೆಲ್ಲ ಪಕ್ಕದ ಮನೆಯ ತಂತಿಯ ಮೇಲೆ ಒಣಗಿದವು.

ಸೈಕಲ್ ಪಂಕ್ಚರಿನ ಸೊಲ್ಯೂಷನ್ ಒಂದು ಗಂಟೆಯೂ ನಿಲ್ಲಲಿಲ್ಲ. ಅದು ಟ್ಯೂಬಿನ ರಬ್ಬರಿನ ಜೊತೆ ಬೆರೆಯಲು ಮಾಡಿದ್ದು, ಪ್ಲಾಸ್ಟಿಕ್ಕಿನ ಮೇಲೆ ಸುಮ್ಮನೆ ಕೂತಿರುತ್ತದೆ. ಕೈಯಲ್ಲೇ ಸುಲಿದು ಬಂತು. ಕ್ಷಣದಲ್ಲಿ ಅಂಟುವ ಪುಟ್ಟ ಟ್ಯೂಬಿನ ಅಂಟು, ನಲ್ಲಿ ಪೈಪಿನ ಸಾಲ್ವೆಂಟ್ ಸಿಮೆಂಟ್ ಎರಡೂ ನನ್ನನ್ನು ಸ್ವಲ್ಪ ಹೊತ್ತು ಮೋಸಗೊಳಿಸಿದವು. ಎರಡೂ 4 ಕಿಲೋ ಹೊತ್ತು ಕಲ್ಲಿನ ಹಾಗೆ ನಿಂತವು. ಆದರೆ ಪಟ್ಟಿ ಇಳಿಸಿ, ಬೋಟನ್ನು ಸುತ್ತಿ ಕಟ್ಟುವಾಗ ಮಡಚುವ ಹಾಗೆ ನಾಲ್ಕೈದು ಸಲ ಮಡಚಿ ಬಿಡಿಸಿದರೆ ಟಿಕ್ ಟಿಕ್ ಅಂತ ಸದ್ದು, ಜೋಡಣೆಯಲ್ಲಿ ಬಿರುಕು. ಪೈಪಿನ ಸಿಮೆಂಟ್ ಗಟ್ಟಿ ಪಿವಿಸಿಗೆ ಅಂತಲೇ ಇರುವುದು. ಮೆತ್ತನೆಯ ಬಟ್ಟೆಯ ಮೇಲೆ ಅದು ಸುಕ್ಕು ಹಿಡಿಸಿ ಸುತ್ತಲೂ ಬಿರುಸು ಮಾಡಿಬಿಡುತ್ತದೆ. ಪೈಪು ಪಿವಿಸಿ, ಬೋಟೂ ಪಿವಿಸಿ, ಹಾಗಾಗಿ ಅದೇ ಆಗುತ್ತದೆ ಅನ್ನುವ ಮಾತು ನನಗೆ ಕನಿಷ್ಠ ಮೂವರು ಹೇಳಿದ್ದರು. ಅದನ್ನು ಹಾಕಿ ಬೋಟಿನ ಬಟ್ಟೆಯನ್ನು ಹಾಳು ಮಾಡಿಕೊಂಡರೆ ಆಮೇಲೆ ಸರಿಯಾದ ಗಮ್ ಸಿಕ್ಕರೂ ಪ್ರಯೋಜನವಿಲ್ಲ.

ಹಳದಿ ಗಮ್ಮಿನ ಪಟ್ಟಿ ಮೊದಲೆರಡು ದಿನ ನಿಂತಿತ್ತು. ಮೂರನೆಯ ದಿನ ಮಧ್ಯಾಹ್ನದ ಬಿಸಿಲಿಗೆ ಗೆರೆ ಎರಡು ಮಿಲಿಮೀಟರ್ ಸರಿಯಿತು, ಸಂಜೆಯ ಹೊತ್ತಿಗೆ ಐದು. ಆರನೆಯ ದಿನ ಬಾಟಲಿಗಳು ನೆಲದ ಮೇಲಿದ್ದವು. ನನ್ನ ಬೋಟಿಗೆ ಏನಾಯಿತು ಅನ್ನುವುದನ್ನು ಅಲ್ಲಿ ಕಣ್ಣಾರೆ ಕಂಡೆ. ಅದೇ ಗಮ್ಮನ್ನು ಹೈಪಲಾನ್ ತುಂಡಿಗೆ ಹಚ್ಚಿ ಪಕ್ಕಕ್ಕಿಟ್ಟಿದ್ದೆ. ತಿಂಗಳ ಮೇಲಾದರೂ ಒಣ ರಬ್ಬರಿನ ಹಾಗೇ ಇತ್ತು, ಪಾಕವಾಗಿರಲಿಲ್ಲ.

ಕೊನೆಗೆ ಪಿಯು ಗಮ್. ಇದು ಎರಡು ಡಬ್ಬಿಯಲ್ಲಿ ಬರುತ್ತದೆ, ದೊಡ್ಡದರಲ್ಲಿ ಪಾಲಿಯುರೆಥೇನ್ ಗಮ್, ಚಿಕ್ಕ ಬಾಟಲಿಯಲ್ಲಿ ಐಸೊಸಯನೇಟ್ ಅನ್ನುವ ಹಾರ್ಡ್‌ನರ್. ಹಾರ್ಡ್‌ನರ್ ಇಲ್ಲದೆಯೂ ಅಂಟುತ್ತದೆ, ಆದರೆ ಬಿಸಿಲಿಗೆ ಮತ್ತೆ ಮೆತ್ತಗಾಗುತ್ತದೆ. ಹಾರ್ಡ್‌ನರ್ ಬಿದ್ದರೆ ಗಮ್ಮಿನ ಎಳೆಗಳು ಒಂದಕ್ಕೊಂದು ಗಂಟು ಹಾಕಿಕೊಳ್ಳುತ್ತವೆ, ಮತ್ತೆ ಕರಗುವುದಿಲ್ಲ. ಮೊದಲ ಸಲ ನನಗೆ ಒಂದು ಅಂಗಡಿಯಲ್ಲಿ ಸಿಕ್ಕ ಬಾಟಲಿಯ ತಳದಲ್ಲಿ ಗಟ್ಟಿ ಕೂತಿತ್ತು, ಯಾರೋ ತೆಗೆದು ಮುಚ್ಚಿಟ್ಟದ್ದು. ವಾಪಸು ಕೊಟ್ಟೆ. ಹಾರ್ಡ್‌ನರ್ ಗಾಳಿಯ ತೇವಕ್ಕೇ ಕೆಡುತ್ತದೆ, ಆದ್ದರಿಂದ ಸೀಲ್ ಒಡೆಯದ, ನೀರಿನ ಹಾಗೆ ಹರಿದಾಡುವ ಬಾಟಲಿಯನ್ನೇ ಕೇಳಿ ತರಬೇಕು.

ಸೆಪ್ಟೆಂಬರಿನಲ್ಲಿ ಜಿಟಿಜಿಟಿ ಮಳೆಯ ದಿನವೇ ಪಿಯು ಪಟ್ಟಿ ಅಂಟಿಸಿದೆ, ಅವಸರ ಇತ್ತು. ಗಮ್ ಬಳಿದ ಹತ್ತು ನಿಮಿಷಕ್ಕೆ ಅದರ ಮೈ ಮೇಲೆ ಕನ್ನಡಿಗೆ ಉಸಿರು ಬಿಟ್ಟ ಹಾಗೆ ಬೆಳ್ಳಗೆ ಮಂಜು ಕಟ್ಟಿತು. ದ್ರಾವಕ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂರುತ್ತದೆ. ಆ ನೀರಿನ ಜೊತೆ ಹಾರ್ಡ್‌ನರ್ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮೂರು ದಿನದ ಮೇಲೆ ಪಟ್ಟಿ ಸುಲಿದು ನೋಡಿದರೆ ಗಮ್ಮಿನೊಳಗೆ ರವೆಯಷ್ಟು ಸಣ್ಣ ಸಣ್ಣ ಗುಳ್ಳೆ. ಜೋಡಣೆ ಬಿಟ್ಟುಕೊಂಡದ್ದೂ ಅಲ್ಲೇ.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ವೈಂಡಿಂಗ್ ಮಾಡಿದ ಸ್ಟೇಟರನ್ನು ಬಿಸಿ ಮಾಡಿ ಪೂರ್ತಿ ಒಣಗಿಸದೆ ನಾವು ವಾರ್ನಿಶ್ ಹಾಕುವುದೇ ಇಲ್ಲ. ತೇವದ ಮೇಲೆ ವಾರ್ನಿಶ್ ಬಿದ್ದರೆ ಆ ಮೋಟಾರು ಆರು ತಿಂಗಳಿಗೆ ಸುಟ್ಟು ವಾಪಸು ಬರುತ್ತದೆ. ಪಿಯು ಗಮ್ಮಿಗೂ ಅದೇ ನಿಯಮ. 18ರಿಂದ 25 ಡಿಗ್ರಿ ಆಸುಪಾಸು, ಗಾಳಿಯ ತೇವ ಶೇಕಡಾ 60ರ ಒಳಗೆ ಇದ್ದರೆ ಒಳ್ಳೆಯದು.

ತೇವ ಅಳೆಯಲು ರೇಷ್ಮೆ ಹುಳು ಸಾಕುವ ಸ್ನೇಹಿತರಿಂದ ಒದ್ದೆ-ಒಣ ಥರ್ಮಾಮೀಟರ್ ಇಸಕೊಂಡು ಬಂದೆ. ಎರಡು ಬಲ್ಬು, ಒಂದಕ್ಕೆ ಒದ್ದೆ ಬತ್ತಿ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಗಾಳಿ ಒಣ. ಮಳೆಗಾಲದ ಆ ದಿನಗಳಲ್ಲಿ ಒಣ ಬಲ್ಬು 25, ಒದ್ದೆಯದು 23.5 ತೋರಿಸುತ್ತಿತ್ತು, ಅಂದರೆ ತೇವ ಶೇಕಡಾ 88ರ ಹತ್ತಿರ. ಅಂಥ ಗಾಳಿಯಲ್ಲಿ ಎಷ್ಟೇ ಒಳ್ಳೆಯ ಗಮ್ ತಂದರೂ ದಂಡ. ಭಾವನಿಗೆ ಡಿಸೆಂಬರ್‌ವರೆಗೆ ಕಾಯಲು ಹೇಳಿದೆ. ಅವರು ಒಂದು ಮಾತೂ ಆಡದೆ ಯಾರದೋ ಹರಿಗೋಲು ಕೇಳಿ ತಂದು ಮೂರು ತಿಂಗಳು ಅದರಲ್ಲೇ ಹಿಂಡಿ ಹಾಕಿದರು.

ನವೆಂಬರ್ ಕೊನೆಯಲ್ಲಿ, ಒಣ ದಿನ ನೋಡಿ ಮತ್ತೆ ಪಿಯು ಪಟ್ಟಿಗಳನ್ನು ಅಂಟಿಸಿ ನೇತುಹಾಕಿದೆ. ಹದಿನೈದು ದಿನ 4 ಕಿಲೋ ಹೊತ್ತು ನಿಂತವು. ಗೆರೆ ಕೂದಲೆಳೆಯಷ್ಟೂ ಸರಿಯಲಿಲ್ಲ. ಇಳಿಸಿ, ವೈಸ್‌ಗೆ ಕಚ್ಚಿಸಿ, ಇಕ್ಕಳದಲ್ಲಿ ತುದಿ ಹಿಡಿದು ಸುಲಿದೆ. ಗಮ್ ಬಿಡಲಿಲ್ಲ. ಬಟ್ಟೆಯ ಮೇಲಿನ ಪಿವಿಸಿ ಪದರವೇ ನೂಲಿನಿಂದ ಕಿತ್ತು ಬಂದು ಒಳಗಿನ ಬಿಳಿ ಪಾಲಿಯೆಸ್ಟರ್ ಎಳೆಗಳು ಕಂಡವು. ಜೋಡಣೆ ಬಟ್ಟೆಗಿಂತ ಗಟ್ಟಿಯಾಗಿದೆ ಅನ್ನುವುದಕ್ಕೆ ಇದಕ್ಕಿಂತ ಗುರುತು ಬೇಡ. ಆ ಪಟ್ಟಿಯನ್ನು ಅಂಗಡಿಯ ಗೋಡೆಗೆ ಮೊಳೆ ಹೊಡೆದು ಹಾಕಿದ್ದೇನೆ.

ಡಿಸೆಂಬರಿನ ಎರಡನೆಯ ಭಾನುವಾರ ಬೋಟು ತಾರಸಿಗೆ ಬಂತು. ಬೆಳಗಿನ ಇಬ್ಬನಿ ಆರಲಿ ಅಂತ ಹನ್ನೊಂದರವರೆಗೆ ಕಾದೆವು. ಒಣ ಬಲ್ಬು 27, ಒದ್ದೆಯದು 19.5, ತೇವ ಶೇಕಡಾ 50. ಬಿಸಿ ಒಂಚೂರು ಹೆಚ್ಚು, ಆದರೆ ನೆರಳಿತ್ತು, ಒಪ್ಪಿಕೊಂಡೆ.

ಅತಿ ಹೆಚ್ಚು ಹೊತ್ತು ಹಿಡಿದದ್ದು ಅಂಟಿಸುವುದಲ್ಲ, ಹಳೆಯ ಗಮ್ ತೆಗೆಯುವುದು. ಹೀಟ್ ಗನ್ನಿನಲ್ಲಿ ಬೆಚ್ಚಗೆ ಮಾಡಿ, ಮೊಂಡು ಚಾಕುವಿನಲ್ಲಿ ಹೆರೆದು, ಆಮೇಲೆ ಎಂಇಕೆ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ಒರೆಸಿ. ಬಟ್ಟೆ ಬಿಳಿಯದೇ ಇರಬೇಕು, ಬಣ್ಣದ್ದಾದರೆ ದ್ರಾವಕಕ್ಕೆ ಬಣ್ಣ ಬಿಟ್ಟು ಅದೇ ಬೋಟಿಗೆ ಹತ್ತುತ್ತದೆ. ನಮ್ಮ ತಂದೆಯ ಹಳೆಯ ಮಿಲ್ ಪಂಚೆಯನ್ನು ಚೂರು ಮಾಡಿದೆ. ಒಂದು ಸಲ ಒರೆಸಿದ ಚೂರನ್ನು ಮತ್ತೆ ಮುಟ್ಟಲಿಲ್ಲ. ಹದಿನೇಳನೆಯ ಚೂರು ಕೊಳೆಯಿಲ್ಲದೆ ಬೆಳ್ಳಗೆ ಬಂತು. ಎಂಇಕೆಯಲ್ಲಿ ಬೋಟಿನ ಬಟ್ಟೆಯನ್ನು ನೆನೆಸಬಾರದು, ಉಬ್ಬುತ್ತದೆ, ಒರೆಸಿ ಹಾರಿಹೋಗಲು ಬಿಡಬೇಕು. ಪಿವಿಸಿಯನ್ನು ಎಮರಿಯಲ್ಲಿ ಜೋರಾಗಿ ಉಜ್ಜಲೂ ಬಾರದು, ಮೇಲಿನ ಪದರ ತೆಳ್ಳಗಾಗಿ ಗಾಳಿ ನೂಲಿನೊಳಗೇ ಸೋರಲು ಶುರುವಾಗುತ್ತದೆ. ಹೈಪಲಾನ್ ಆಗಿದ್ದರೆ ಉಜ್ಜಲೇಬೇಕು.

ತೇಪೆ 14 ಸೆಂಟಿಮೀಟರ್ ಉದ್ದ, 10 ಅಗಲ, ಮೊಟ್ಟೆಯಾಕಾರ. ಮೂಲೆ ಇದ್ದರೆ ಏಳುವುದು ಅಲ್ಲಿಂದಲೇ. ಬೋಟಿನ ಮೇಲೆ ಅದೇ ಆಕಾರ ಎಳೆದು ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿದೆ. ಸೀಳಿನ ಎರಡು ಅಂಚು ಒಂದಕ್ಕೊಂದು ಮುಟ್ಟುವ ಹಾಗೆ ಕೆಳಗೆ ಹಲಗೆ ಇಟ್ಟು ಸಪಾಟು ಮಾಡಿಕೊಂಡೆ.

ನಾನು ತಂದ ಡಬ್ಬಿಯ ಮೇಲೆ ಹಾರ್ಡ್‌ನರ್ ತೂಕದ ಶೇಕಡಾ 5 ಅಂತ ಬರೆದಿತ್ತು. 40 ಗ್ರಾಂ ಗಮ್ಮಿಗೆ 2 ಗ್ರಾಂ. ಅಂದಾಜಿನಲ್ಲಿ ಸುರಿಯುವ ಕೆಲಸ ಇದಲ್ಲ, ಕಮ್ಮಿಯಾದರೆ ಬಿಸಿಲಿಗೆ ಮೆತ್ತಗಾಗುತ್ತದೆ, ಜಾಸ್ತಿಯಾದರೆ ಬಿರುಸಾಗುತ್ತದೆ. ಬೆಳ್ಳಿ ತೂಗುವ ಪುಟ್ಟ ತಕ್ಕಡಿ ಇಟ್ಟು ಸಿರಿಂಜಿನಲ್ಲಿ ಹನಿ ಹನಿ ಹಾಕಿದೆ. ಕೈಗೆ ಗ್ಲೌಸ್, ಬಯಲು ಗಾಳಿ, ಹತ್ತಿರ ಬೀಡಿ ಬೆಂಕಿ ಏನೂ ಇಲ್ಲ. ಐಸೊಸಯನೇಟಿನ ಆವಿ ಉಸಿರಿಗೆ ಕೆಟ್ಟದ್ದು, ಆಸ್ತಮಾ ಇರುವವರು ಈ ಕೆಲಸದ ಹತ್ತಿರವೂ ಬರಬಾರದು. ಅಳಿಯನನ್ನು ಮೆಟ್ಟಿಲ ಬಾಗಿಲಲ್ಲೇ ನಿಲ್ಲಿಸಿದ್ದೆ. "ಮಾವ, ಇಲ್ಲಿಂದ್ಲೇ ನೋಡ್ತೀನಿ ಬಿಡು" ಅಂತ ಅಲ್ಲೇ ಕೂತು ಮಂಡಕ್ಕಿ ತಿನ್ನುತ್ತ ಎಲ್ಲ ನೋಡಿದ.

ಬೋಟಿಗೂ ತೇಪೆಗೂ ತೆಳ್ಳಗೆ ಒಂದು ಕೈ ಬಳಿದು ಅರ್ಧ ಗಂಟೆ ಬಿಟ್ಟೆ. ಎರಡನೆಯ ಕೈ ಬಳಿದು ಬೆರಳ ಹಿಂಭಾಗ ತಾಗಿಸಿದರೆ ಅಂಟಿದಂತಾಗಿ ಬಿಡುವ ಹದಕ್ಕೆ ಕಾದೆ, ಸುಮಾರು ಹತ್ತು ನಿಮಿಷ. ದಪ್ಪ ಬಳಿದರೆ ಒಳಗೆ ದ್ರಾವಕ ಸಿಕ್ಕಿಹಾಕಿಕೊಂಡು ಗುಳ್ಳೆಯಾಗುತ್ತದೆ. ಒಂದು ತುದಿಯಿಂದ ತೇಪೆಯನ್ನು ಕೂರಿಸುತ್ತ, ಹೀಟ್ ಗನ್ನನ್ನು ಅತಿ ಕಮ್ಮಿಯಲ್ಲಿಟ್ಟು ಎರಡು ಮೈಗೂ ಬಿಸಿ ತಾಗಿಸುತ್ತ ಹೋದೆ. ಬಿಸಿ ತಾಗಿದಾಗ ಒಣಗಿದಂತಿದ್ದ ಗಮ್ ಮಿರಿಮಿರಿ ಹೊಳೆಯುತ್ತದೆ, ಆ ಹೊಳಪು ಬಂದ ಕ್ಷಣವೇ ಒತ್ತಬೇಕು. ಒತ್ತಲು ರೋಲರ್ ಇರಲಿಲ್ಲ. ಹಳೆಯ 6203 ಬೇರಿಂಗನ್ನು ಬೋಲ್ಟಿಗೆ ಹಾಕಿ ಹಿಡಿ ಮಾಡಿಕೊಂಡೆ. ಅಗಲ 12 ಮಿಲಿಮೀಟರ್ ಮಾತ್ರ ಇರುವುದರಿಂದ ಕೈಯ ಬಲವೆಲ್ಲ ಒಂದೇ ಗೆರೆಯಲ್ಲಿ ಬೀಳುತ್ತದೆ. ಅಗಲದ ರೋಲರಿಗಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ. ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ಅಂಚಿನಲ್ಲಿ ಗಮ್ ಸಾಸಿವೆಯಷ್ಟು ಹೊರಗೆ ಇಣುಕುವವರೆಗೆ.

ಒಂದು ದಿನ ಕಳೆದು ಸುಮ್ಮನೆ ಆಕಾರ ಬರುವಷ್ಟು ಗಾಳಿ ಹಾಕಬಹುದಿತ್ತು, ನಾನು ಹಾಕಲಿಲ್ಲ. ಏಳು ದಿನ ಬಿಟ್ಟೆ. ಎಂಟನೆಯ ದಿನ ಸಂಜೆ 0.20 ಬಾರ್ ತುಂಬಿ, ಸೋಪಿನ ನೀರು ಬಳಿದು ತೇಪೆಯ ಸುತ್ತ, ವಾಲ್ವಿನ ಸುತ್ತ ನೋಡಿದೆವು. ಒಂದು ಗುಳ್ಳೆಯೂ ಇಲ್ಲ. ಬೆಳಗ್ಗೆ ಗೇಜು ನೋಡಿದ ಭಾವನ ಮುಖ ಇಳಿಯಿತು, 0.16 ತೋರಿಸುತ್ತಿತ್ತು. "ಸೋರ್ತೈತಲ್ಲೋ."

ಸೋರಿದ್ದಲ್ಲ. ಸಂಜೆ 30 ಡಿಗ್ರಿ, ಬೆಳಗಿನ ಜಾವ 18. ಗಾಳಿ ತಣ್ಣಗಾದರೆ ಒತ್ತಡ ಇಳಿಯಲೇಬೇಕು, ಲೆಕ್ಕ ಹಾಕಿದರೆ 0.155ರ ಹತ್ತಿರ ಬರುತ್ತದೆ. "ಸಂಜೆ ತನಕ ಕಾಯ್ರಿ ಭಾವ" ಅಂದೆ. ಸಂಜೆ ಅದೇ ಹೊತ್ತಿಗೆ ಅದೇ 0.20ಕ್ಕೆ ಬಂತು. ಇದರ ಇನ್ನೊಂದು ಮುಖವನ್ನೂ ಅವರಿಗೆ ಹೇಳಿದ್ದೇನೆ: ತುಂಬಿದ ಬೋಟನ್ನು ಮಧ್ಯಾಹ್ನ ದಡದ ಬಿಸಿಲಲ್ಲಿ ಬಿಟ್ಟರೆ ಟ್ಯೂಬು 50 ಡಿಗ್ರಿ ಮುಟ್ಟಿ ಒತ್ತಡ 0.27 ದಾಟುತ್ತದೆ. ದಡಕ್ಕೆ ಎಳೆದ ಕೂಡಲೇ ಸ್ವಲ್ಪ ಗಾಳಿ ಬಿಡಬೇಕು, ಇಲ್ಲವೆ ಹೊಂಗೆ ಮರದ ನೆರಳಿಗೆ ಒಯ್ಯಬೇಕು.

ಜನವರಿಯಿಂದ ಬೋಟು ನೀರಿನಲ್ಲಿದೆ. ಮೊದಲ ವಾರ ನಾನೇ ಭಾವನ ಜೊತೆ ಹೋಗಿ, ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಂಡು, ಕೆರೆಯ ಆಚೆ ದಡದವರೆಗೆ ಎರಡು ಸಲ ಸುತ್ತಿ ಬಂದೆ. ತೇಪೆಯ ಅಂಚಿನಲ್ಲಿ ಪೆನ್ನಿನ ಗೆರೆ ಹಾಕಿಟ್ಟಿದ್ದೇನೆ. ತಿಂಗಳಿಗೊಮ್ಮೆ ಅಳಿಯ ಅದರ ಫೋಟೊ ಕಳಿಸುತ್ತಾನೆ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಏಪ್ರಿಲ್‌ನ ಬಿಸಿಲು ದಾಟಿತು, ಗೆರೆ ಇದ್ದಲ್ಲೇ ಇದೆ. ಹಿಂಬದಿಯ ಹಲಗೆ ಕೂಡುವ ಕಡೆ ಹಳೆಯ ಜೋಡಣೆಯೊಂದು ಅಂಚಿನಲ್ಲಿ ಎದ್ದಿರುವುದು ಈಚಿನ ಫೋಟೊದಲ್ಲಿ ಕಂಡಿತು. ಮಳೆ ಶುರುವಾಗುವ ಮುಂಚೆ ಅದನ್ನು ಮುಗಿಸಬೇಕು. ಡಿಸೆಂಬರಿನಲ್ಲಿ ತೆರೆದ ಹಾರ್ಡ್‌ನರ್ ಬಾಟಲಿಯನ್ನು ನಂಬುವುದಿಲ್ಲ, ಹೊಸದಕ್ಕೆ ಹೇಳಿ ಬಂದಿದ್ದೇನೆ.